ಆಪಲ್ಲಿಗೆ ಬನಾನಾ ಗುಣಿಸಿದರೆ

ಕೋವಿಡ್ ಗಲಾಟೆ ಮುಗಿದು ಶಾಲೆಗಳು ಪೂರ್ತಿ ಹೊತ್ತು ನಡೆಯತೊಡಗಿದ ಎರಡನೆಯ ವರ್ಷ. ನಾನಾಗ ಹಡಗಲಿ ತಾಲೂಕಿನ ಹೊಳೆದಂಡೆಯ ಒಂದು ಊರಿನಲ್ಲಿ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ನಿವೃತ್ತಿಗೆ ಹದಿನೆಂಟು ತಿಂಗಳು ಬಾಕಿ ಇತ್ತು. ಅದಕ್ಕೂ ಮೊದಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ ಸೀಮೆಸುಣ್ಣದ ಪುಡಿ ನುಂಗಿದ್ದೆ. ಮುಖ್ಯೋಪಾಧ್ಯಾಯನಾದ ಮೇಲೆ ಗಣಿತ ನನ್ನ ಕೈ ಬಿಟ್ಟಿತು. ಮೊಟ್ಟೆ, ಹಾಲಿನ ಪುಡಿ, ಶೂ, ಸಾಕ್ಸು, ಶೌಚಾಲಯದ ಬೀಗ, ಇವು ಬಂದವು. ಸರ್ಕಾರ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುವ ರೀತಿ ಇದು: ಬರುವ ಕೆಲಸ ಕಿತ್ತುಕೊಂಡು ಬಾರದ ಕೆಲಸ ಕೊಡುತ್ತದೆ.

ಆ ವರ್ಷ ನಮ್ಮ ಶಾಲೆಯ ಗಣಿತ ಶಿಕ್ಷಕರಿಗೆ ವರ್ಗವಾಗಿ, ಅವರ ಜಾಗಕ್ಕೆ ಅತಿಥಿ ಶಿಕ್ಷಕಿಯಾಗಿ ಬಂದವಳು ರೇಣುಕಾ. ಹರಪನಹಳ್ಳಿ ತಾಲೂಕಿನ ಬಾಗಳಿ ಕಡೆಯವಳು. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಹಡಗಲಿಯಲ್ಲಿ ಒಂದು ಕೋಣೆ ಹಿಡಿದು, ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಅತಿಥಿ ಶಿಕ್ಷಕರೆಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು: ಇವರದು ಒಂದು ಶೈಕ್ಷಣಿಕ ವರ್ಷದ ಕೆಲಸ. ಮುಖ್ಯೋಪಾಧ್ಯಾಯ ‘ತೃಪ್ತಿಕರವಾಗಿಲ್ಲ’ ಎಂದು ಒಂದು ಸಾಲು ಬರೆದರೆ ನಾಳೆಯೇ ಇಲ್ಲ, ಮತ್ತು ಆ ಒಂದು ಸಾಲು ಮುಂದಿನ ವರ್ಷ ಬೇರೆ ಶಾಲೆಯ ಬಾಗಿಲವರೆಗೂ ಬೆನ್ನಿಗೆ ಬರುತ್ತದೆ. ನಮ್ಮ ಕಡೆ ಮನೆಗೆ ಬಂದ ಅತಿಥಿಗೆ ಮೊದಲು ನೀರು ಕೊಡುತ್ತಾರೆ. ಇಲಾಖೆ ಈ ಅತಿಥಿಗಳಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿಯನ್ನೂ ಕೊಟ್ಟಿರಲಿಲ್ಲ. ರೇಣುಕಾ ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತು ನೋಟ್ಸು ತಿದ್ದುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಶಾಲೆಗೆ ಒಂದು ಕಟ್ಟು ಬಂತು. ವಿಷಯ ಪರಿವೀಕ್ಷಕರು, ಅಂದರೆ ಒಂದು ವಿಷಯದ ಪಾಠ ಎಲ್ಲ ಶಾಲೆಗಳಲ್ಲಿ ಹೇಗೆ ನಡೆದಿದೆಯೆಂದು ನೋಡುವ ಅಧಿಕಾರಿ, ತಾವೇ ತಯಾರಿಸಿದ ಗಣಿತದ ಮಾಡ್ಯೂಲ್. ಹೆಸರು ‘ಹಣ್ಣಿನ ಬುಟ್ಟಿ’. ಜೊತೆಗೆ ಗೋಡೆಗೆ ಹಾಕಲು ಒಂದು ಫ್ಲೆಕ್ಸು. ಅದರಲ್ಲಿ ಮೂರು ಕೆಂಪು ಸೇಬು, ಎರಡು ಬಾಳೆಹಣ್ಣು, ಕೆಳಗೆ 3a + 2b. ‘a ಅಂದರೆ ಆಪಲ್, b ಅಂದರೆ ಬನಾನಾ’ ಎಂದು ದಪ್ಪಕ್ಷರದಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಬಾಳೆಹಣ್ಣನ್ನೂ ಇಂಗ್ಲಿಷಿನಲ್ಲೇ ಸುಲಿಯಬೇಕು, ಇಲ್ಲವಾದರೆ ಅಕ್ಷರ ಕೂಡಿ ಬರುವುದಿಲ್ಲ! ನಾನು ಫ್ಲೆಕ್ಸನ್ನು ಎಂಟನೇ ತರಗತಿಗೆ ಕಳಿಸಿದೆ. ಮಾಡ್ಯೂಲನ್ನು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ನನ್ನ ಕೋಣೆಯ ಬೀರುವಿನ ಕುಂಟುಗಾಲಿನ ಕೆಳಗೆ ಇಟ್ಟೆ. ಬೀರು ಅಲುಗಾಡುವುದು ನಿಂತಿತು. ಇಲಾಖೆಯ ಪುಸ್ತಕವೊಂದರಿಂದ ನನ್ನ ಸರ್ವೀಸಿನಲ್ಲಿ ನಾನು ಕಂಡ ನೇರ ಉಪಕಾರ ಅದೊಂದೇ.

ಅಕ್ಟೋಬರಿನ ಒಂದು ಬೆಳಿಗ್ಗೆ ಎಂಟನೇ ತರಗತಿಯ ಬಾಗಿಲಲ್ಲಿ ನಿಂತೆ. ಗದ್ದಲ ಜೋರಿತ್ತು, ಗದರಲೆಂದೇ ಹೋಗಿದ್ದೆ. ಒಳಗೆ ಹುಲಿಗೆಮ್ಮ ಎಂಬ ಉದ್ದನೆಯ ಹುಡುಗಿ ಎರಡೂ ಕೈ ಅಗಲಿಸಿ ನಿಂತಿದ್ದಳು. ಪಕ್ಕದಲ್ಲಿ ಅವಳ ಭುಜಕ್ಕೂ ಬಾರದ ಗೌರವ್ವ, ಅವಳೂ ಹಾಗೆಯೇ. ಇಬ್ಬರ ನಡುವೆ ಹೂವು ಕಟ್ಟುವ ದಾರ ಹಿಡಿದು ರೇಣುಕಾ.

ಹಡಗಲಿ ಸೀಮೆಯ ಮಲ್ಲಿಗೆ ಎಲ್ಲರಿಗೂ ಗೊತ್ತು. ಕಟ್ಟಿದ ಹೂವನ್ನು ಇಲ್ಲಿ ಮಾರಿನಲ್ಲಿ ಅಳೆಯುತ್ತಾರೆ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಒಂದು ಮಾರು. ಅಳೆಯುವವರ ಮೈಯೇ ಅಳತೆಗೋಲು. ಅದಕ್ಕೇ ಕೊಳ್ಳುವ ಹೆಂಗಸರು ಹೂವು ನೋಡುವ ಮೊದಲು ಹೂವಾಡಗಿತ್ತಿಯ ತೋಳು ನೋಡುತ್ತಾರೆ. ನಮ್ಮ ಶಾಲೆಯ ಅರ್ಧಕ್ಕರ್ಧ ಹೆಣ್ಣುಮಕ್ಕಳು ಬೆಳಿಗ್ಗೆ ಹೂವು ಕಟ್ಟಿಯೇ ಶಾಲೆಗೆ ಬರುವವರು.

ರೇಣುಕಾ ಬೋರ್ಡಿನ ಮೇಲೆ 3x + 2y + 5 ಎಂದು ಬರೆದಳು.

“ಹುಲಿಗೆಮ್ಮನ ಮಾರು ಎಷ್ಟು ಅಡಿ ಅಂತ ನಮಗೆ ಗೊತ್ತಿಲ್ಲ, ಅದಕ್ಕೆ x ಅನ್ನಾಣ. ಗೌರವ್ವಂದು y. ಹುಲಿಗೆಮ್ಮ ಮೂರು ಮಾರು ಹಾಕಿದ್ಲು, ಗೌರವ್ವ ಎರಡು ಹಾಕಿದ್ಲು. ಮೇಲೆ ಟೇಪು ಹಿಡಿದು ಐದು ಅಡಿ ಸೇರಿಸಿದ್ವಿ. ಟೇಪಿನ ಅಡಿ ಯಾರ ಕೈಯಲ್ಲಿದ್ರೂ ಬದಲಾಗುತ್ತಾ?”

“ಇಲ್ರೀ ಮಿಸ್ಸ್!”

“ಅದಕ್ಕೇ ಅದು ಸ್ಥಿರ ಪದ. ಈಗ ಹೇಳ್ರಿ, ಒಟ್ಟು ಎಷ್ಟು ಪದ ಐತೆ?”

“ಮೂರ್ರೀ!”

ಈ ಬರಹ ಓದುವ ಹಿರಿಯರಿಗೆ ಶಾಲೆ ಬಿಟ್ಟು ಕಾಲವಾಗಿರಬಹುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಕಿ ಮತ್ತು ಅಕ್ಷರ ಸೇರಿಸಿ ಬರೆದ ಇಂಥ ಲೆಕ್ಕಕ್ಕೆ ಬೀಜೋಕ್ತಿ ಎನ್ನುತ್ತಾರೆ. ಕೂಡುವ ಇಲ್ಲವೇ ಕಳೆಯುವ ಚಿಹ್ನೆ ಬೇರ್ಪಡಿಸಿದ ಒಂದೊಂದು ತುಂಡೂ ಒಂದು ಪದ. 3x ಮತ್ತು 4x ಸಜಾತಿ ಪದಗಳು, ಕೂಡಿಸಿದರೆ 7x. 3x ಮತ್ತು 2y ವಿಜಾತಿ ಪದಗಳು, ಅವನ್ನು ಒಂದೇ ಪದವಾಗಿ ಕೂಡಿಸಲು ಬಾರದು. (ಈ ‘ಸಜಾತಿ, ವಿಜಾತಿ’ ಹೇಳಿಕೊಡುವಾಗ ನಮ್ಮ ಸೀಮೆಯ ಮೇಷ್ಟರು ಒಮ್ಮೆ ಕೆಮ್ಮಿ ಮುಂದೆ ಹೋಗುವುದು ವಾಡಿಕೆ.) ಎಲ್ಲಕ್ಕಿಂತ ಮುಖ್ಯವಾದದ್ದು, ಆ ಅಕ್ಷರ ಒಂದು ವಸ್ತುವಲ್ಲ, ನಮಗೆ ಇನ್ನೂ ಗೊತ್ತಿಲ್ಲದ ಒಂದು ಸಂಖ್ಯೆ. ಇಷ್ಟು ತಿಳಿದರೆ ಬೀಜಗಣಿತದ ಹೊಸ್ತಿಲು ದಾಟಿದಂತೆ. ತಿಳಿಯದವನು ಹತ್ತನೇ ತರಗತಿಯವರೆಗೆ ಹೊಸ್ತಿಲ ಮೇಲೇ ಎಡವುತ್ತಿರುತ್ತಾನೆ.

ರೇಣುಕಾ ಟೇಪು ಹಿಡಿದು ಇಬ್ಬರನ್ನೂ ಅಳೆದಳು. ಹುಲಿಗೆಮ್ಮನದು ಐದು ಅಡಿ, ಗೌರವ್ವನದು ನಾಲ್ಕು. ಹದಿನೈದು, ಎಂಟು, ಐದು, ಒಟ್ಟು ಇಪ್ಪತ್ತೆಂಟು ಅಡಿ ಎಂದು ಇಡೀ ತರಗತಿ ಕೂಗಿತು. ನಾನು ಗದರದೆ ವಾಪಸಾದೆ. ಇದು ನನಗೆ ಮೊದಲಿನಿಂದಲೂ ಗೊತ್ತಿದ್ದದ್ದೇ ಎಂದು ದಾರಿಯಲ್ಲಿ ಅನಿಸಿತು. ಒಳ್ಳೆಯ ಪಾಠದ ಲಕ್ಷಣವೇ ಅದು. ಬಾಗಿಲಲ್ಲಿ ನಿಂತ ಮೂರ್ಖನಿಗೂ ತಾನೇ ಕಂಡುಹಿಡಿದೆ ಅನಿಸುತ್ತದೆ.

ನವೆಂಬರಿನಲ್ಲಿ ಪರಿವೀಕ್ಷಕರು ತಪಾಸಣೆಗೆ ಬಂದರು. ಹೆಸರು ವೀರೇಶ ಎಂದಿಟ್ಟುಕೊಳ್ಳಿ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ನೇರ ಎಂಟನೇ ತರಗತಿಗೆ ಹೋದರು. ಹಿಂದೆ ನಾನು. ರೇಣುಕಾ ಪಾಠ ಶುರುಮಾಡುವುದರಲ್ಲಿದ್ದಳು. ಅವರ ಫ್ಲೆಕ್ಸು ಗೋಡೆಯಲ್ಲಿತ್ತು, ಆದರೆ ಅದರ ಮೊಳೆಗೆ ಯಾರೋ ಹೂವಿನ ದಾರದ ಉಂಡೆ ನೇತುಹಾಕಿದ್ದರು. ಬೋರ್ಡಿನ ಮೇಲೆ ಹಿಂದಿನ ದಿನ ಪುನರಾವರ್ತನೆಗೆಂದು ಬರೆದ 3x + 2y ಹಾಗೇ ಉಳಿದಿತ್ತು. ಸಾಹೇಬರು ಹುಲಿಗೆಮ್ಮನನ್ನು ಎಬ್ಬಿಸಿದರು.

“ಇಲ್ಲಿ x ಅಂದ್ರ ಏನಬೇ?”

“ನನ್ನ ಮಾರಿನ ಅಳತಿರೀ ಸರ್. y ಅಂದ್ರ ಗೌರವ್ವಂದು.”

“3x, 2y ಎರಡನ್ನೂ ಕೂಡಿಸಾಕ ಯಾಕ ಬರಂಗಿಲ್ಲ?”

“ಅಳೆಯೋತನಕ ಎಷ್ಟೆಷ್ಟು ಅಂತ ಗೊತ್ತಿರಂಗಿಲ್ಲಲ್ರೀ. ಗೊತ್ತಾದ್ರ ಕೂಡಸ್ತೀವಿ. ಇಬ್ಬರ ಅಳತಿನೂ ಒಂದ ಆಗಿಬಿಟ್ರ, 5x ಅಂತ ಬರದ್ರೂ ನಡೀತೈತ್ರೀ.”

ಇಷ್ಟು ಶುದ್ಧವಾದ ಉತ್ತರವನ್ನು ನಾನು ಎಂಟನೇ ತರಗತಿಯಲ್ಲಿ ಕೇಳಿರಲಿಲ್ಲ. ಸಾಹೇಬರ ಮುಖ ಹುಣಸೆಹುಳಿ ಕುಡಿದಂತಾಯಿತು.

“ತಪ್ಪು! ಯಾವತ್ತೂ ಕೂಡಿಸಾಕ ಬರಂಗಿಲ್ಲ. ಆಪಲ್ಲು ಎಂದಾದ್ರೂ ಬನಾನಾ ಆಗತೈತೇನು?”

“ಹಣ್ಣು ಆಗಂಗಿಲ್ರೀ, ತೋಳು ಆಗತೈತ್ರೀ. ಗೌರವ್ವ ಬೆಳಿಯಾಕತ್ಯಾಳ್ರೀ ಸರ್.”

ಹುಡುಗರು ನಕ್ಕರು. ಗೌರವ್ವ ಸಿಟ್ಟಿನಿಂದ ಅವಳ ಜಡೆ ಎಳೆದಳು. ಹುಲಿಗೆಮ್ಮ ಜಡೆ ಬಿಡಿಸಿಕೊಂಡು, ಗೋಡೆಯ ಫ್ಲೆಕ್ಸು ನೋಡಿ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು:

“ಸರ್, ಮುಂದಿನ ಪಾಠದಾಗ ab ಅಂತ ಐತ್ರೀ. ಆಪಲ್ಲಿಗೆ ಬನಾನಾ ಗುಣಿಸಿದ್ರ ಏನು ಬರ್ತೈತ್ರೀ?”

“ಜ್ಯೂಸು ಬರ್ತೈತಿ ಲೇ!” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.

ಇಡೀ ತರಗತಿ ಉರುಳಿ ಉರುಳಿ ನಕ್ಕಿತು. ನಾನೂ ನಕ್ಕೆ, ಒಪ್ಪಿಕೊಳ್ಳುತ್ತೇನೆ. ನಗದೆ ನಿಂತವರು ಇಬ್ಬರೇ, ಸಾಹೇಬರು ಮತ್ತು ರೇಣುಕಾ. ಅಧಿಕಾರ ಇದ್ದವನಿಗೆ ಉತ್ತರ ಹೊಳೆಯದಿದ್ದಾಗ ಏನಾಗುತ್ತದೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಏನ್ರೀ ಮೇಡಂ,” ಎಂದರು ಸಾಹೇಬರು, “ಮಕ್ಕಳಿಗೆ ಹೂ ಕಟ್ಟೋದು ಕಲಸಾಕ ಬಂದೀರೋ, ಗಣಿತ ಕಲಸಾಕ ಬಂದೀರೋ?”

“ಹೂ ಕಟ್ಟೋದನ್ನ ಇವ್ರೇ ನನಗೆ ಕಲಿಸಿದ್ರು ಸರ್. ನಾನು ಗಣಿತಾನೇ ಕಲಿಸ್ತಿರೋದು.”

ನನ್ನ ಕೋಣೆಗೆ ಬಂದವರೇ ಸಾಹೇಬರು ಸಂದರ್ಶನ ಪುಸ್ತಕ ಎಳೆದುಕೊಂಡು ಕೆಂಪು ಪೆನ್ನಿನಲ್ಲಿ ಬರೆದರು: ‘ಅತಿಥಿ ಶಿಕ್ಷಕಿಯು ಮಾಡ್ಯೂಲ್ ಅನುಸರಿಸಿಲ್ಲ. ಪರಿಕಲ್ಪನೆ ಸ್ಪಷ್ಟವಿಲ್ಲ. ಮುಂದುವರಿಸುವ ಬಗ್ಗೆ ಮುಖ್ಯೋಪಾಧ್ಯಾಯರು ತಮ್ಮ ಅಭಿಪ್ರಾಯ ದಾಖಲಿಸತಕ್ಕದ್ದು.’ ಕೆಳಗೆ ನಾಲ್ಕು ಸಾಲು ನನಗಾಗಿ ಖಾಲಿ ಬಿಟ್ಟರು. ಅತಿಥಿ ಶಿಕ್ಷಕರನ್ನು ತೆಗೆಯುವ ಸಾಲು ಮುಖ್ಯೋಪಾಧ್ಯಾಯನೇ ಬರೆಯಬೇಕು. ಕೊರಳು ತೋರಿಸುವುದು ಅವರ ಕೆಲಸ, ಕೊಯ್ಯುವುದು ನಮ್ಮದು. ಇಲಾಖೆ ಕೈಗೆ ರಕ್ತ ಹತ್ತಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಊರಿನ ಮರ್ಯಾದೆ ಬಿಡಬಾರದೆಂದು ಮಿರ್ಚಿ, ಮಂಡಕ್ಕಿ, ಚಹಾ ತರಿಸಿದ್ದೆ. ಸಾಹೇಬರು ಒಂದು ಮಿರ್ಚಿ ಮುರಿದರು. ಜವಾನ ಹೊರಗೆ ಹೋದದ್ದೇ ಅವರ ದನಿ ಮೆತ್ತಗಾಯಿತು.

“ಸರ್, ನೀವು ನನ್ನ ಗುರುತ ಹಿಡಿಲಿಲ್ಲ, ಅಲ್ರೀ?”

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಗುರುತು ಸಿಗಲಿಲ್ಲ.

“ಕೊಟ್ಟೂರಾಗ ನಿಮ್ಮ ಕೈಯಾಗ ಎಂಟನೇತ್ತ ಓದೀನ್ರೀ. ಮೂರನೇ ಬೆಂಚು. ಈ ಬೀಜಗಣಿತದ ಮೊದಲ್ನೇ ಪಾಠ ನೀವು ಹೇಳಿದ್ದು ನನಗ ಇವತ್ತಿಗೂ ಮರತಿಲ್ಲ. ಚೀಲದಾಗ ಮೂರು ಸೇಬು, ಎರಡು ಬಾಳಿಹಣ್ಣು ತಂದು ಟೇಬಲ್ ಮ್ಯಾಲೆ ಇಟ್ರಿ. a ಅಂದ್ರ ಆಪಲ್, b ಅಂದ್ರ ಬನಾನಾ ಅಂದ್ರಿ. ಪಾಠ ಮುಗಿದ ಮ್ಯಾಲೆ ಹೆಚ್ಚಿ ಎಲ್ಲರಿಗೂ ಹಂಚಿದ್ರಿ. ನಮ್ಮ ಮನ್ಯಾಗ ಸೇಬು ಯಾರು ಕಂಡಿದ್ರು ಸರ್? ಅವತ್ತ ತಿಂದದ್ದ ಮೊದಲು. ಮಾಡ್ಯೂಲಿನ ಮುನ್ನುಡ್ಯಾಗ ನಿಮ್ಮ ಹೆಸರು ಹಾಕೀನ್ರೀ. ನೋಡಿಲ್ಲೇನು?”

ನಾನು ಬೀರುವಿನ ಕಾಲಿನ ಕಡೆ ನೋಡಲಿಲ್ಲ. ನೋಡದಿರಲು ಬಹಳ ಕಷ್ಟವಾಯಿತು.

ಎರಡು ತಿಂಗಳಿಂದ ನಾನು ಆ ಫ್ಲೆಕ್ಸನ್ನು ಸ್ಟಾಫ್ ರೂಮಿನಲ್ಲಿ ಗೇಲಿ ಮಾಡುತ್ತ ಬಂದಿದ್ದೆ. ‘ಇದನ್ನ ಬರೆದ ಕತ್ತೆ ಯಾರೋ’ ಎಂದು ಆಡಿದ್ದೆ. ಆ ಕತ್ತೆ ನನ್ನ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಕೊಟ್ಟೂರಿನಲ್ಲಿದ್ದಾಗ ನಾನು ಹೊಸಬ, ಹುಡುಗರು ಮೆಚ್ಚಬೇಕೆಂಬ ಚಪಲ ಇತ್ತು. ಹಣ್ಣು ತಂದರೆ ಮೆಚ್ಚುತ್ತಿದ್ದರು. 3a + 2b ಕೂಡಿಸಲು ಬಾರದೆಂಬುದು ಒಂದು ನಿಮಿಷದಲ್ಲಿ ತಲೆಗೆ ಹೋಗುತ್ತಿತ್ತು, ಪಾಠ ಮುಗಿದಂತೆ ಕಾಣುತ್ತಿತ್ತು. ಮುಂದೆ ab ಬಂದಾಗ, a² ಬಂದಾಗ ಆ ಮಕ್ಕಳು ಏಕೆ ಮಿಕಮಿಕ ನೋಡುತ್ತಾರೆಂದು ನಾನು ಕೇಳಿಕೊಳ್ಳಲಿಲ್ಲ. ‘ದಡ್ಡರು, ಬಾಯಿಪಾಠ ಮಾಡಿ’ ಎಂದು ಬೈದೆ. ಎಷ್ಟು ವರ್ಷ ಹಾಗೆ ಹೇಳಿದೆನೋ, ಯಾವಾಗ ಬಿಟ್ಟೆನೋ, ಅದೂ ನೆನಪಿರಲಿಲ್ಲ. ಮರೆತದ್ದಕ್ಕೆ ಸುಧಾರಿಸಿದೆ ಎಂದು ಹೆಸರಿಟ್ಟುಕೊಂಡಿದ್ದೆ.

“ವೀರೇಶ,” ಎಂದೆ. ಸಾಹೇಬ ಎನ್ನುವುದು ಬಾಯಿಗೆ ಬರಲಿಲ್ಲ. “ಆ ಹುಡುಗಿ ಕೇಳಿದಳಲ್ಲ, ab ಅಂದ್ರ ಏನು? ಹೇಳು ನೋಡೋಣ.”

ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಎಂಟನೇ ತರಗತಿಯ ಹುಡುಗನ ದನಿಯಲ್ಲಿ ಅಂದರು:

“ನೀವು ಅದನ್ನ ಹೇಳಿಕೊಡಲೇ ಇಲ್ಲಲ್ರೀ ಸರ್.”

ಮೂವತ್ತೊಂದು ವರ್ಷದಲ್ಲಿ ನನಗೆ ಸನ್ಮಾನ ಆಗಿದೆ, ಶಾಲು ಹೊದಿಸಿದ್ದಾರೆ, ಒಮ್ಮೆ ಬೆಳ್ಳಿಯ ಕುಂಕುಮದ ಬಟ್ಟಲನ್ನೂ ಕೊಟ್ಟಿದ್ದಾರೆ. ನನ್ನ ಕೆಲಸದ ಬಗ್ಗೆ ನಿಜವಾದ ಪ್ರಮಾಣಪತ್ರ ಸಿಕ್ಕಿದ್ದು ಆ ದಿನ.

ನಾನು ಕಾಗದ ತೆಗೆದುಕೊಂಡು ಹೇಳಿದೆ. ಗೌರವ್ವನ ಮಾರು ನಾಲ್ಕು ಅಡಿ, ಅಂಥ ಆರು ಮಾರು ಹೂವಾದರೆ ಇಪ್ಪತ್ತನಾಲ್ಕು. ನಾಲ್ಕೂ ಸಂಖ್ಯೆ, ಆರೂ ಸಂಖ್ಯೆ, ಅದಕ್ಕೇ ಗುಣಿಸಲು ಬಂತು. ಮಾರು ಎಷ್ಟು ಅಡಿಯೋ ಗೊತ್ತಿಲ್ಲದಿದ್ದರೆ a, ಎಷ್ಟು ಮಾರೋ ಗೊತ್ತಿಲ್ಲದಿದ್ದರೆ b, ಒಟ್ಟು ಹೂವು ab ಅಡಿ. ಇಷ್ಟೇ. ಅವರು ಕಾಗದ ನೋಡಿದರು. ತಿಳಿಯಿತು, ಕಣ್ಣಿನಲ್ಲಿ ಕಂಡಿತು. ಆದರೆ ಮಾಡ್ಯೂಲು ಐದು ತಾಲೂಕಿನ ಶಾಲೆಗಳಿಗೆ ಹೋಗಿಯಾಗಿತ್ತು, ಅದರ ಬಗ್ಗೆ ಮೇಲಿನವರ ಮೆಚ್ಚುಗೆ ಪತ್ರವೂ ಬಂದಿತ್ತು.

“ಅದೆಲ್ಲ ಖರೇನ್ರೀ ಸರ್. ಈಗ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ. ಆಕಿನ್ನ ಬಿಟ್ಟುಬಿಡ್ರಿ, ಅತಿಥಿ ಶಿಕ್ಷಕಿ, ನಾಳಿ ಇನ್ನೊಬ್ಬಾಕಿ ಬರ್ತಾಳ. ನೀವು ಎರಡು ಸಾಲು ಬರೀರಿ ಸಾಕು. ನಿಮ್ಮ ಹೆಸರೂ ಉಳೀತೈತಿ, ನಂದೂ ಉಳೀತೈತಿ.”

ತಿಳಿಯದವನ ಮೇಲೆ ನನಗೆ ಸಿಟ್ಟಿಲ್ಲ. ತಿಳಿದ ಮೇಲೂ ಸಹಿ ಕೇಳುವವನನ್ನು ಕಂಡರೆ ಹೇಸಿಗೆ. ಅದಕ್ಕಿಂತ ಹೇಸಿಗೆಯ ಮಾತು ಇನ್ನೊಂದು: ಅರೆಗಳಿಗೆ ನಾನು ಪೆನ್ನು ಹಿಡಿದು ಯೋಚಿಸಿದೆ. ಹದಿನೆಂಟು ತಿಂಗಳು, ಪಿಂಚಣಿ ಕಾಗದ, ನನ್ನ ಹೆಸರಿನ ಮುನ್ನುಡಿ. ನಮ್ಮಜ್ಜಿ ಒಂದು ಮಾತು ಆಡುತ್ತಿದ್ದಳು: ‘ಹೊಲಸು ತುಳಿದವನು ಕಾಲು ತೊಳೀಬೇಕು, ಪಕ್ಕದವನ ಕೆರ ಬೈಬಾರದು.’ ಪಾಠದ ಮಾತಲ್ಲ, ಬಾವಿಕಟ್ಟೆಯ ಮಾತು. ಆಗ ಬೇಕಾಗಿದ್ದದ್ದು ಅದೇ.

ಖಾಲಿ ಬಿಟ್ಟ ನಾಲ್ಕು ಸಾಲಿನಲ್ಲಿ ಬರೆದೆ: ‘ಶಿಕ್ಷಕಿ ರೇಣುಕಾ ಅವರ ಬೋಧನೆ ಸರಿಯಾಗಿದೆ, ವರ್ಷಾಂತ್ಯದವರೆಗೆ ಮುಂದುವರಿಸಲಾಗಿದೆ. ಅಕ್ಷರವನ್ನು ಹಣ್ಣೆಂದು ಹೇಳುವ ವಿಧಾನ ತಪ್ಪು. ಕೊಟ್ಟೂರಿನಲ್ಲಿ ಅದನ್ನು ಮಾನ್ಯ ಪರಿವೀಕ್ಷಕರೂ ಸೇರಿದಂತೆ ಮಕ್ಕಳಿಗೆ ಕಲಿಸಿದವನು ನಾನೇ.’ ಸಹಿ ಹಾಕಿ, ಸೀಲು ಒತ್ತಿದೆ. ಸಾಹೇಬರು ಓದಿ, ಎದ್ದು, ಮಿರ್ಚಿಯ ಇನ್ನರ್ಧ ಅಲ್ಲೇ ಬಿಟ್ಟು ಹೋದರು. ಬಾಗಿಲವರೆಗೂ ಹೋಗಿ, ಅಭ್ಯಾಸಬಲದಿಂದ ತಿರುಗಿ ನಮಸ್ಕಾರ ಮಾಡಿದರು. ಅದೂ ನಾನೇ ಕಲಿಸಿದ್ದಿರಬೇಕು.

ಮೂರು ವಾರಕ್ಕೆ ನನಗೆ ಕಾರಣ ಕೇಳಿ ನೋಟೀಸು ಬಂತು. ಇಲಾಖೆಯ ಸಾಹಿತ್ಯವನ್ನು ಅಗೌರವಿಸಿದ್ದೇಕೆ ಎಂದು ಕೇಳಿದ್ದರು. ನಾಲ್ಕು ಪುಟ ಉತ್ತರ ಬರೆದೆ, ಮೊದಲ ಪುಟದಲ್ಲೇ ಬೀಜೋಕ್ತಿ, ಪದ ಎಲ್ಲ ಬಿಡಿಸಿ. ಅದನ್ನು ಓದಿದವರು ಯಾರೂ ಇರಲಾರರು. ಓದಿದ್ದರೆ ಎರಡನೆಯ ನೋಟೀಸು ಖಂಡಿತ ಬರುತ್ತಿತ್ತು. ರೇಣುಕಾ ಮಾರ್ಚಿವರೆಗೆ ಇದ್ದಳು, ಮುಂದಿನ ಜೂನಿನಲ್ಲಿ ಹರಪನಹಳ್ಳಿ ಕಡೆಯ ಶಾಲೆಯೊಂದು ಅವಳನ್ನು ಕರೆಯಿತು. ಇದಕ್ಕೆಲ್ಲ ಮೊದಲು, ತಪಾಸಣೆಯ ಮರುದಿನ, ನಾನೇನೋ ದೊಡ್ಡ ಉಪಕಾರ ಮಾಡಿದವನಂತೆ ಸಂದರ್ಶನ ಪುಸ್ತಕ ಅವಳ ಮುಂದೆ ಹಿಡಿದಾಗ, ಅವಳು ಓದಿ ಮಡಚಿ ಕೊಟ್ಟಳು.

“ಸರಿಯಾಗಿ ಬರೆದಿದ್ದೀರಿ ಸರ್. ಆದ್ರೆ ಇದನ್ನ ನೀವು ಮಕ್ಕಳ ಮುಂದೆ ಹೇಳ್ಬೇಕಿತ್ತು, ಪುಸ್ತಕದಲ್ಲಿ ಅಲ್ಲ.”

ಹೋಗಿ ಹೇಳಿದೆ. ಎಂಟನೇ ತರಗತಿಯ ಮುಂದೆ ನಿಂತು, ಗೋಡೆಯ ಫ್ಲೆಕ್ಸು ತಪ್ಪು, ಅದನ್ನು ಮೊದಲು ಹೇಳಿದವನು ನಾನು ಎಂದೆ. ಮಕ್ಕಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಹುಲಿಗೆಮ್ಮ ಮಾತ್ರ ಎದ್ದು ನಿಂತಳು.

“ಹಂಗಾರ ಸರ್, ಆವಾಗ ನಿಮ್ಮ ಕಡೆ ಕಲ್ತೋರಿಗೆಲ್ಲ ಹೋಗಿ ಹೇಳ್ತೀರೇನ್ರೀ?”

ಕೂಡ್ಲಿಗಿಯಲ್ಲಿ ಎಷ್ಟು, ಕೊಟ್ಟೂರಿನಲ್ಲಿ ಎಷ್ಟು, ಹಗರಿಬೊಮ್ಮನಹಳ್ಳಿಯಲ್ಲಿ ಎಷ್ಟು ಎಂದು ಮನಸ್ಸಿನಲ್ಲೇ ಕೂಡಿಸಲು ಹೊರಟೆ. ಅರ್ಧಕ್ಕೇ ಬಿಟ್ಟೆ. ‘ಕೂತ್ಕೋ’ ಎಂದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮೇಷ್ಟ್ರಾದವನು ಅರವತ್ತಕ್ಕೆ ಶಾಲು ಹೊದ್ದು ನಿವೃತ್ತನಾಗುತ್ತಾನೆ. ಅವನು ಹೇಳಿಕೊಟ್ಟ ತಪ್ಪು ಸರ್ವೀಸಿನಲ್ಲೇ ಇರುತ್ತದೆ; ಸಕಾಲಕ್ಕೆ ಬಡ್ತಿ ಪಡೆಯುತ್ತದೆ, ಒಂದು ದಿನ ಜೀಪಿನಲ್ಲಿ ಬಂದಿಳಿದು ಅವನನ್ನೇ ತಪಾಸಣೆ ಮಾಡುತ್ತದೆ.